ಮಳೆಗಾಲದಲ್ಲಿ ಬಾಗಿದ ಗೆರೆ

ಪೆಲೆಟ್ ಬೀಳುವ ಸದ್ದಿಗಾಗಿ ನಾಲ್ಕು ವರ್ಷ ಕಿವಿ ಕೊಟ್ಟು ಕೂತವಳು ನಾನು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಬಿಲ್ಲೆ ಅದು. ಬಿಸಿ ಫರ್ನೇಸ್ ಒಳಗೆ ಕಬ್ಬಿಣದ ಸರಳಿನ ತುದಿಗೆ ಅಂಟಿಕೊಂಡಿರುತ್ತದೆ. ಸರಳಿನ ಇನ್ನೊಂದು ತುದಿ ಹೊರಗಿದೆ, ಅದಕ್ಕೆ ತಾಮ್ರದ ತಂತಿ ಸುತ್ತಿ ಕರೆಂಟ್ ಕೊಟ್ಟಿದ್ದೇವೆ, ಹಾಗಾಗಿ ಸರಳೇ ಒಂದು ಅಯಸ್ಕಾಂತ. ಬಿಸಿ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಬಿಲ್ಲೆಯ ಕಾಂತಗುಣ ಹೋಗಿಬಿಡುತ್ತದೆ, ಅದು ಕೆಳಗಿನ ತಟ್ಟೆಗೆ ಬೀಳುತ್ತದೆ. ಟಕ್. ಆ ಹೊತ್ತಿಗೆ ಮೀಟರ್ ತೋರಿಸಿದ ಉಷ್ಣತೆಯನ್ನು ಬರೆದುಕೊಳ್ಳಬೇಕು. ಅದು ಆ ವಸ್ತುವಿನ ಕ್ಯೂರಿ ಉಷ್ಣತೆ. ಪಿಯರ್ ಕ್ಯೂರಿ 1895ರಲ್ಲಿ ಇದರ ಬಗ್ಗೆ ದೊಡ್ಡ ಅಧ್ಯಯನ ಮಾಡಿದ್ದರಿಂದ ಆ ಹೆಸರು.

ಮಂಗಳೂರು ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಪಿಎಚ್‌ಡಿ ಮಾಡಿದ್ದು. ನಮ್ಮದು ವಸ್ತುಗಳ ಕಾಂತಗುಣ ನೋಡುವ ಸಣ್ಣ ಗುಂಪು. ಒಬ್ಬರು ಗೈಡ್, ನಾಲ್ಕು ಜನ ವಿದ್ಯಾರ್ಥಿಗಳು, ಒಬ್ಬರು ಲ್ಯಾಬ್ ಅಟೆಂಡರ್. ಅಲ್ಲಿ ನಾನು ಒಂದು ಇಡೀ ಮಳೆಗಾಲ ತಪ್ಪು ಮಾಡಿದೆ. ಅದು ಹೇಗೆ ಆಯಿತು, ಹೇಗೆ ಗೊತ್ತಾಯಿತು, ಹೇಗೆ ಸರಿ ಮಾಡಿದೆ ಎಂದು ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಈ ವಿಷಯ ನನಗೆ ಪುಸ್ತಕದಿಂದ ಹತ್ತಿದ್ದಲ್ಲ. ಅಪ್ಪ ಪಣಂಬೂರಿನಲ್ಲಿ ಕಬ್ಬಿಣದ ಅದಿರನ್ನು ಉಂಡೆ ಕಟ್ಟುವ ಪೆಲೆಟ್ ಪ್ಲಾಂಟ್‌ನಲ್ಲಿ ಕೆಲಸದಲ್ಲಿದ್ದರು. ಕುದುರೆಮುಖದ ಗಣಿಯಿಂದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಇಲ್ಲಿಗೆ ತರುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಅದಿರು ಮ್ಯಾಗ್ನೆಟೈಟ್. ಅಪ್ಪ ಒಮ್ಮೆ ಸಣ್ಣ ಬಾಟಲಿಯಲ್ಲಿ ಕಪ್ಪು ಪುಡಿ ತಂದುಕೊಟ್ಟಿದ್ದರು. ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಅನ್ನು ಬಾಟಲಿಯ ಹೊರಗೆ ಹಿಡಿದರೆ ಪುಡಿ ಮುಳ್ಳು ಮುಳ್ಳಾಗಿ ಎದ್ದು ನಿಲ್ಲುತ್ತಿತ್ತು. ನಾನು ಅದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಮುಂದೆ ಎಂಎಸ್ಸಿಯಲ್ಲಿ ಗೊತ್ತಾಯಿತು, ಮ್ಯಾಗ್ನೆಟೈಟ್ ಕೂಡ ಒಂದು ಫೆರೈಟ್, ಅಂದರೆ ಕಬ್ಬಿಣದ ಆಕ್ಸೈಡ್ ಮುಖ್ಯವಾಗಿರುವ ಸೆರಾಮಿಕ್‌ನಂಥ ವಸ್ತು. ಪ್ರಕೃತಿ ತಾನೇ ಮಾಡಿಟ್ಟ ಫೆರೈಟ್. ಮೊಬೈಲ್ ಚಾರ್ಜರ್ ಒಳಗಿನ ಕಾಯಿಲ್‌ನ ಕಪ್ಪು ತುಂಡು, ಕಂಪ್ಯೂಟರ್ ಕೇಬಲ್‌ನಲ್ಲಿ ಕಾಣುವ ಗುಂಡು ಉಬ್ಬು, ಎಲ್ಲ ಅದೇ ಕುಟುಂಬ.

ನಾನು ಕೈಗೆತ್ತಿಕೊಂಡದ್ದು ನಿಕ್ಕಲ್ ಝಿಂಕ್ ಫೆರೈಟ್. ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ನಿಕ್ಕಲ್ ಕಾಂತಗುಣ ಇರುವ ಲೋಹ. ಝಿಂಕ್‌ಗೆ ಏನೂ ಇಲ್ಲ. ಹಾಗಿದ್ದರೆ ನಿಕ್ಕಲ್ ತೆಗೆದು ಝಿಂಕ್ ಹಾಕಿದರೆ ವಸ್ತುವಿನ ಕಾಂತಶಕ್ತಿ ಕಮ್ಮಿ ಆಗಬೇಕು, ಅಲ್ವಾ? ಆಗುವುದಿಲ್ಲ. ಮೊದಮೊದಲು ಜಾಸ್ತಿ ಆಗುತ್ತದೆ.

ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಹರಳಿನೊಳಗೆ ಪರಮಾಣುಗಳು ಕೂರುವ ಎರಡು ಬಗೆಯ ಜಾಗಗಳಿವೆ. ಒಂದರ ಸುತ್ತ ನಾಲ್ಕು ಆಕ್ಸಿಜನ್, ಇನ್ನೊಂದರ ಸುತ್ತ ಆರು. ಈ ಎರಡು ಬಣಗಳು ಎದುರುಬದುರಾಗಿ ಎಳೆಯುತ್ತವೆ. ನಿಕ್ಕಲ್ ಫೆರೈಟ್‌ನಲ್ಲಿ ಕಬ್ಬಿಣ ಎರಡೂ ಬಣಗಳಲ್ಲಿ ಸರಿಸಮ ಇದೆ, ಒಂದರ ಎಳೆತ ಇನ್ನೊಂದಕ್ಕೆ ವಜಾ. ಉಳಿಯುವುದು ನಿಕ್ಕಲ್‌ನ ಎಳೆತ ಮಾತ್ರ. ಈಗ ಝಿಂಕ್ ಬಂತು ಎಂದಿಟ್ಟುಕೊಳ್ಳಿ. ಅದಕ್ಕೆ ನಾಲ್ಕು ಆಕ್ಸಿಜನ್ ಜಾಗವೇ ಬೇಕು. ಅಲ್ಲಿದ್ದ ಕಬ್ಬಿಣವನ್ನು ಎಬ್ಬಿಸಿ ಎದುರು ಬಣಕ್ಕೆ ಕಳಿಸುತ್ತದೆ. ಸೋಲುವ ಬಣದಲ್ಲಿ ಕೈಲಾಗದವನು ಬಂದು ನಿಂತ, ಗಟ್ಟಿಗ ಗೆಲ್ಲುವ ಬಣ ಸೇರಿದ. ಹಾಗಾಗಿ ಒಟ್ಟು ಎಳೆತ ಜಾಸ್ತಿ. ಆದರೆ ಕೈಲಾಗದವರ ಸಂಖ್ಯೆ ಅರ್ಧ ದಾಟಿದರೆ ಎದುರಾಳಿಯೇ ಇಲ್ಲದ ಆಟ. ಆಗ ಗೆಲ್ಲುವ ಬಣದವರೂ ಒಂದೇ ದಿಕ್ಕಿಗೆ ಎಳೆಯುವುದು ಬಿಟ್ಟು ಓರೆಯಾಗುತ್ತಾರೆ, ಒಟ್ಟು ಶಕ್ತಿ ಇಳಿಯುತ್ತದೆ. ಈ ಎರಡು ಬಣಗಳ ಲೆಕ್ಕವನ್ನು 1948ರಲ್ಲಿ ಕೊಟ್ಟವರು ಫ್ರಾನ್ಸಿನ ಲೂಯಿ ನೀಲ್. ಅವರಿಗೆ 1970ರಲ್ಲಿ ನೊಬೆಲ್ ಬಂತು.

ಕ್ಯೂರಿ ಉಷ್ಣತೆಗೆ ಇಂಥ ಏರಿಳಿತ ಇಲ್ಲ. ಝಿಂಕ್ ಹಾಕಿದಷ್ಟೂ ಅದು ಇಳಿಯುತ್ತಲೇ ಹೋಗುತ್ತದೆ. ಬರೀ ನಿಕ್ಕಲ್ ಫೆರೈಟ್‌ಗೆ ಸುಮಾರು 585 ಡಿಗ್ರಿ ಸೆಲ್ಸಿಯಸ್. ನನ್ನ ಅಳತೆಗಳಲ್ಲಿ ಝಿಂಕ್ ಪಾಲು (ನಿಕ್ಕಲ್ ಜಾಗದಲ್ಲಿ ಎಷ್ಟು ಭಾಗ ಝಿಂಕ್ ಎಂಬುದು, ಅರ್ಧ ಇದ್ದರೆ 0.5) 0.1 ಹೆಚ್ಚಾದಾಗಲೆಲ್ಲ 60 ಡಿಗ್ರಿಯ ಆಸುಪಾಸು ಇಳಿಯುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪುಡಿ ಮಾಡುವುದಕ್ಕೆ ನಾವು ಬಳಸಿದ್ದು ಕಂಬಷನ್ ವಿಧಾನ. ಲೋಹಗಳ ನೈಟ್ರೇಟ್ ಉಪ್ಪುಗಳನ್ನು ನೀರಿನಲ್ಲಿ ಕರಗಿಸಿ, ಜೊತೆಗೆ ಇಂಧನವಾಗಿ ಗ್ಲೈಸಿನ್ ಅಥವಾ ಯೂರಿಯಾ ಹಾಕಿ ಕಾಯಿಸುವುದು. ನೀರು ಆರಿ ಅಂಟಾದ ಮೇಲೆ ಅದು ತಾನೇ ಹೊತ್ತಿಕೊಂಡು ಉರಿಯುತ್ತದೆ. ಈ ದಾರಿಯನ್ನು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರ ಗುಂಪು ಬೆಳೆಸಿತು. ದೊಡ್ಡ ಯಂತ್ರ ಬೇಡ, ದಿನಗಟ್ಟಲೆ ಅರೆಯುವುದು ಬೇಡ. ದುಡ್ಡು ಕಮ್ಮಿ ಇರುವ ಲ್ಯಾಬ್‌ಗಳಿಗೆ ಇದು ದೊಡ್ಡ ಉಪಕಾರ.

ಲೆಕ್ಕ ಕೊಡುತ್ತೇನೆ. ನಿಕ್ಕಲ್ ಅರ್ಧ, ಝಿಂಕ್ ಅರ್ಧ ಇರುವ 5 ಗ್ರಾಂ ಫೆರೈಟ್ ಬೇಕಾದರೆ ಫೆರಿಕ್ ನೈಟ್ರೇಟ್ 17 ಗ್ರಾಂ, ನಿಕ್ಕಲ್ ನೈಟ್ರೇಟ್ 3.06 ಗ್ರಾಂ, ಝಿಂಕ್ ನೈಟ್ರೇಟ್ 3.13 ಗ್ರಾಂ, ಗ್ಲೈಸಿನ್ 7 ಗ್ರಾಂ. ಒಂದು ಸಲಕ್ಕೆ ಇದಕ್ಕಿಂತ ಜಾಸ್ತಿ ಮಾಡಬೇಡಿ. ಉರಿ ಹೊತ್ತಿಕೊಂಡರೆ ಕೆಲವೇ ಸೆಕೆಂಡಿನ ಕೆಲಸ. ಕಂದು ಹೊಗೆ ಬಂದರೆ ಅದು ವಿಷ, ಆದ್ದರಿಂದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಬೇಕು, ಅದರ ಗಾಜು ಇಳಿಸಿರಬೇಕು. ಪಾತ್ರೆ ದೊಡ್ಡದಿರಲಿ. ಭತ್ತ ಹುರಿದರೆ ಹೊದಲು ಅರಳುವ ಹಾಗೆ ಪುಡಿ ಅರಳುತ್ತದೆ, 5 ಗ್ರಾಂ ಪುಡಿಯೇ ಬೀಕರ್ ತುಂಬಾ ಆಗುತ್ತದೆ. ಮುಟ್ಟಿದರೆ ಉದುರುವಷ್ಟು ಹಗುರ.

ಆ ಪುಡಿಯನ್ನು ಅರೆದು 600 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಉಳಿದ ಇಂಗಾಲ ಹೋಗುತ್ತದೆ. ಪಿವಿಎ ಅಂಟಿನ ಎರಡು ಹನಿ ಸೇರಿಸಿ, 10 ಮಿಲಿಮೀಟರ್ ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, 1150 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಡುವುದು. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದರೆ ಆ ಬಿಲ್ಲೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ.

ಪುಡಿ ತೆಗೆಯಲು ಸ್ಟೀಲ್ ಚಮಚ ಬಳಸಬಾರದು ಎಂದು ನಮ್ಮ ಸರ್ ಮೊದಲ ದಿನವೇ ಹೇಳಿದ್ದರು. ಸ್ಟೀಲಿನ ಕಣ್ಣಿಗೆ ಕಾಣದ ಒಂದು ಚೂರು ಸೇರಿದರೂ ಕಾಂತಗುಣ ಕಮ್ಮಿ ಇರುವ ಸ್ಯಾಂಪಲ್‌ನ ಅಳತೆ ಕೆಡುತ್ತದೆ. ಪ್ಲಾಸ್ಟಿಕ್ ಚಮಚ, ಅಗೇಟ್ ಕಲ್ಲಿನ ಒರಳು, ಇಷ್ಟೇ. ಈ ಶಿಸ್ತನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿದ್ದು ನಾನು ನೋಡದೇ ಇದ್ದ ಕಡೆ.

ಬೀಳುವ ಪೆಲೆಟ್‌ನ ಸೆಟಪ್ ಅನ್ನು ನಾವೇ ಕಟ್ಟಿದೆವು. ಮೆತು ಕಬ್ಬಿಣದ ಸರಳು ಒಂದು ಬೇಕಿತ್ತು. ಕಬ್ಬಿಣದ ಸ್ವಂತ ಕ್ಯೂರಿ ಉಷ್ಣತೆ 770 ಡಿಗ್ರಿ, ಹಾಗಾಗಿ ನಮ್ಮ 585ರವರೆಗೆ ಅದು ಅಯಸ್ಕಾಂತವಾಗಿಯೇ ಇರುತ್ತದೆ. ಕಾಯಿಲ್ ಸುತ್ತಿಸಲು ಮಂಗಳೂರಿನಲ್ಲಿ ಮೋಟರ್ ವೈಂಡಿಂಗ್ ಮಾಡುವ ಒಂದು ಅಂಗಡಿಗೆ ಹೋದೆ. ಸ್ಟೇಟ್ ಬ್ಯಾಂಕ್ ಬಸ್‌ ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿನ ಅಣ್ಣ ಸರಳನ್ನು ತಿರುಗಿಸಿ ನೋಡಿ, "ಇದು ಎಂಥ ಮೋಟರಿಗೆ ಮೇಡಂ?" ಎಂದು ಕೇಳಿದರು. ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬಿಸಿ ತುದಿಯಿಂದ ಒಂದು ಮೊಳ ದೂರ ಸುತ್ತುವ. ಇಲ್ಲದಿದ್ದರೆ ತಂತಿಯ ಇನಾಮಲ್ ಸುಟ್ಟು ಶಾರ್ಟ್ ಆಗ್ತದೆ" ಎಂದರು. ನನ್ನ ಚಿತ್ರದಲ್ಲಿ ಕಾಯಿಲ್ ಫರ್ನೇಸ್ ಬಾಯಿಗೆ ತಾಗಿಕೊಂಡೇ ಇತ್ತು. ಅವರು ಹೇಳಿದ ಹಾಗೆ ಮಾಡಿಸಿದೆ. ಕೊನೆಯವರೆಗೂ ಆ ಕಾಯಿಲ್ ಕೆಡಲಿಲ್ಲ.

ಉಷ್ಣತೆ ನೋಡಲು ಕ್ರೋಮೆಲ್ ಅಲ್ಯೂಮೆಲ್ ಥರ್ಮೋಕಪಲ್. ಅದರ ತುದಿ ಪೆಲೆಟ್‌ಗೆ ಬಹಳ ಹತ್ತಿರ ಇರಬೇಕು, ಆದರೆ ತಾಗಿ ತಡೆಯಬಾರದು. ಬಿಸಿ ಏರಿಸುವ ವೇಗ ನಿಮಿಷಕ್ಕೆ ಎರಡು ಡಿಗ್ರಿ. ಅವಸರ ಮಾಡಿದರೆ ಪೆಲೆಟ್‌ನ ಬಿಸಿ ಒಂದು, ಮೀಟರಿನ ಬಿಸಿ ಇನ್ನೊಂದು. ಸೆಟಪ್ ಸರಿ ಇದೆಯೇ ಎಂದು ನೋಡಲು ಮೊದಲು ಶುದ್ಧ ನಿಕ್ಕಲ್ ತುಂಡು ಹಾಕುತ್ತಿದ್ದೆವು. ಅದು 358ರಲ್ಲಿ ಬೀಳಬೇಕು. ಒಂದೆರಡು ಡಿಗ್ರಿ ಆಚೀಚೆಯಲ್ಲಿ ಬೀಳುತ್ತಿತ್ತು. ಐದು ಸಲ ಮಾಡಿ ಸರಾಸರಿ ತೆಗೆಯುತ್ತಿದ್ದೆ.

ಎರಡನೇ ವರ್ಷದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಝಿಂಕ್ ಪಾಲು 0, 0.1, 0.2, 0.3 ಇರುವ ನಾಲ್ಕು ಸ್ಯಾಂಪಲ್ ಮಾಡಿದೆ. ಗ್ರಾಫ್ ಹಾಕಿದರೆ ನಾಲ್ಕು ಚುಕ್ಕೆಗಳೂ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಗೆರೆಯಲ್ಲಿ ಇಳಿದವು. ಮೇ ತಿಂಗಳು ಪರೀಕ್ಷೆ ಡ್ಯೂಟಿಯಲ್ಲಿ ಹೋಯಿತು. ಜೂನ್ ಮತ್ತು ಜುಲೈಯಲ್ಲಿ 0.4, 0.5, 0.6 ಮಾಡಿದೆ.

ಆ ಮೂರು ಚುಕ್ಕೆಗಳು ಗೆರೆಯ ಮೇಲೆ ಕೂರಲಿಲ್ಲ. ಮೇಲೆದ್ದವು. ಗೆರೆಯ ಪ್ರಕಾರ 0.5ರ ಪೆಲೆಟ್ 272ರಲ್ಲಿ ಬೀಳಬೇಕು. 296ರಲ್ಲಿ ಬಿತ್ತು. 0.4 ಹತ್ತು ಡಿಗ್ರಿ ಮೇಲೆ, 0.6 ಮೂವತ್ತೊಂದು ಡಿಗ್ರಿ ಮೇಲೆ. ಇಳಿಯುತ್ತಿದ್ದ ಗೆರೆ 0.3 ದಾಟಿದ ಮೇಲೆ ಚಂದವಾಗಿ ಮೇಲಕ್ಕೆ ಬಾಗಿತು.

ಆ ಬಾಗು ನೋಡಿ ನನಗೆ ಆದ ಖುಷಿ ಹೇಳಲಿಕ್ಕಾಗದು. ಏನೋ ಹೊಸದು ಸಿಕ್ಕಿತು ಎಂದುಕೊಂಡೆ. ಅದಕ್ಕೆ ಕಾರಣವೂ ಕೈಯಲ್ಲೇ ಇತ್ತು. ಬರೀ ಝಿಂಕ್ ಫೆರೈಟ್ ಮಾಮೂಲಿ ಉಷ್ಣತೆಯಲ್ಲಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಆದರೆ ಕಂಬಷನ್‌ನಲ್ಲಿ ಆಗಷ್ಟೇ ಉರಿಸಿ ತೆಗೆದ ಝಿಂಕ್ ಫೆರೈಟ್ ಪುಡಿ ಅಂಟುತ್ತದೆ. ಕಣಗಳು ನ್ಯಾನೋ ಗಾತ್ರದವು, ಉರಿ ಅಷ್ಟು ಬೇಗ ಮುಗಿಯುತ್ತದೆ, ಝಿಂಕ್‌ಗೆ ತನ್ನ ಜಾಗ ಹುಡುಕಿಕೊಳ್ಳಲು ಸಮಯ ಸಿಗುವುದಿಲ್ಲ. ಒಂದಷ್ಟು ಝಿಂಕ್ ತಪ್ಪು ಬಣದಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲೂ ಹಾಗೇ ಆಗಿ ಗೆರೆ ಬಾಗಿದೆ ಎಂದು ಬರೆದೆ. ಸಮ್ಮೇಳನವೊಂದಕ್ಕೆ ಅಬ್‌ಸ್ಟ್ರಾಕ್ಟ್ ಕಳಿಸಿಯೂ ಆಯಿತು.

ವಿಎಸ್‌ಎಂ ಅಳತೆ ನನ್ನನ್ನು ಎಚ್ಚರಿಸಬಹುದಿತ್ತು. ಎಚ್ಚರಿಸಲಿಲ್ಲ. ಸ್ಯಾಂಪಲ್ ಅನ್ನು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ನಡುಗಿಸಿ, ಪಕ್ಕದ ಕಾಯಿಲ್‌ಗಳಲ್ಲಿ ಹುಟ್ಟುವ ವೋಲ್ಟೇಜ್‌ನಿಂದ ಅದರ ಕಾಂತಶಕ್ತಿ ತಿಳಿಯುವ ಯಂತ್ರ ಅದು. ಅಮೆರಿಕದ ಸೈಮನ್ ಫೋನರ್ 1950ರ ದಶಕದಲ್ಲಿ ಮಾಡಿದ್ದು. ನಮ್ಮಲ್ಲಿ ಆ ಯಂತ್ರ ಇರಲಿಲ್ಲ. 25 ಮಿಲಿಗ್ರಾಂ ಪುಡಿ ತೂಗಿ, ಕ್ಯಾಪ್ಸೂಲ್ ಒಳಗೆ ಅಲುಗಾಡದ ಹಾಗೆ ಟೆಫ್ಲಾನ್ ಟೇಪ್ ತುರುಕಿ, ಬೇರೆ ಊರಿಗೆ ಕಳಿಸಿ ವಾರಗಟ್ಟಲೆ ಕಾಯುತ್ತಿದ್ದೆವು. ಬಂದ ಅಂಕಿಗಳಲ್ಲಿ ಎದ್ದು ಕಾಣುವ ತಪ್ಪು ಇರಲಿಲ್ಲ. ಈಗ ಅದರ ಕಾರಣ ಗೊತ್ತು. 0.4, 0.5ರ ಹತ್ತಿರ ಕಾಂತಶಕ್ತಿಯ ಗೆರೆ ಗುಡ್ಡದ ನೆತ್ತಿಯ ಹಾಗೆ ಚಪ್ಪಟೆ. ಅಲ್ಲಿ ಝಿಂಕ್ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಅಂಕಿ ಅಷ್ಟೇನೂ ಬದಲಾಗುವುದಿಲ್ಲ. ಇಳಿಜಾರು ಇರುವುದು ಕ್ಯೂರಿ ಉಷ್ಣತೆಯ ಗೆರೆಗೆ. ತಪ್ಪು ಅಲ್ಲೇ ಕಾಣಬೇಕಿತ್ತು, ಅಲ್ಲೇ ಕಂಡಿತು. ನಾನು ಅದಕ್ಕೆ ಬೇರೆ ಹೆಸರು ಇಟ್ಟಿದ್ದೆ, ಅಷ್ಟೇ.

ಸರ್ ಒಂದು ಪ್ರಶ್ನೆ ಕೇಳಿದರು. "ನೀವು ಹೇಳುವುದು ನ್ಯಾನೋ ಕಣದ ಕಥೆ. ಆದರೆ ಈ ಬಿಲ್ಲೆಯನ್ನು 1150 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟಿದ್ದೀರಿ. ಇನ್ನೂ ನ್ಯಾನೋ ಎಲ್ಲಿ ಉಳಿಯಿತು?"

ನನ್ನಲ್ಲಿ ಉತ್ತರ ಇರಲಿಲ್ಲ. ಆ ಬಿಸಿಯಲ್ಲಿ ಕಣಗಳು ಬೆಳೆಯುತ್ತವೆ, ಝಿಂಕ್ ತನ್ನ ಜಾಗಕ್ಕೆ ಹೋಗುತ್ತದೆ. ಬರೀ ಝಿಂಕ್ ಫೆರೈಟ್ ಪುಡಿಯನ್ನೇ ಆ ಬಿಸಿಯಲ್ಲಿ ಸುಟ್ಟು ನೋಡಿದೆ. ಮೊದಲು ಅಂಟುತ್ತಿದ್ದ ಪುಡಿ ಈಗ ಮ್ಯಾಗ್ನೆಟ್ ಮುಂದೆ ಸುಮ್ನೆ ಬಿದ್ದಿತ್ತು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಮುಂದಿನ ಸಂಶಯ ಥರ್ಮೋಕಪಲ್ ಮೇಲೆ. ನಿಕ್ಕಲ್ ತುಂಡು ಹಾಕಿದೆ. 357. ಅದರ ತಪ್ಪಲ್ಲ.

ಆಮೇಲೆ ಫರ್ನೇಸ್ ಮೇಲೆ. ಜಾಸ್ತಿ ಬಿಸಿಯಲ್ಲಿ ಝಿಂಕ್ ಆವಿಯಾಗಿ ಹೋಗುವುದುಂಟು. ಹೋದರೆ ಸ್ಯಾಂಪಲ್‌ನಲ್ಲಿ ಝಿಂಕ್ ಕಮ್ಮಿ, ಕ್ಯೂರಿ ಉಷ್ಣತೆ ಮೇಲೆ. ಸರಿಯಾಗಿ ಹೊಂದುತ್ತದೆ, ಅಲ್ವಾ? ಫರ್ನೇಸ್‌ನ ಕಂಟ್ರೋಲರ್ ತಪ್ಪು ತೋರಿಸುತ್ತಿದೆ, ಒಳಗೆ ಬಿಸಿ ಜಾಸ್ತಿ ಆಗುತ್ತಿದೆ ಎಂದು ನಾನು ಹೆಚ್ಚುಕಡಿಮೆ ತೀರ್ಮಾನಕ್ಕೇ ಬಂದಿದ್ದೆ. ಏಪ್ರಿಲ್‌ನಲ್ಲಿ ಮಾಡಿದ 0.3ರ ಪುಡಿ ಸ್ವಲ್ಪ ಉಳಿದಿತ್ತು. ಅದನ್ನು ಹೊಸದಾಗಿ ಒತ್ತಿ, ಆಗಸ್ಟ್‌ನಲ್ಲಿ ಅದೇ ಫರ್ನೇಸ್‌ನಲ್ಲಿ ಸುಟ್ಟೆ. ಏಪ್ರಿಲ್‌ನಲ್ಲಿ ಬಿದ್ದಲ್ಲೇ ಬಿತ್ತು. ಅಂದರೆ ಫರ್ನೇಸ್ ಏನೂ ಮಾಡಿಲ್ಲ. ಹಳೆಯ ಪುಡಿ ಸರಿ ಇದೆ, ಹೊಸ ಪುಡಿ ಸರಿ ಇಲ್ಲ.

ಎಕ್ಸ್‌ಆರ್‌ಡಿ ಚಾರ್ಟ್‌ಗಳನ್ನು ಮತ್ತೆ ತೆಗೆದೆ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು ಒಳಗೆ ಯಾವ ಹರಳುಗಳಿವೆ ಎಂದು ನೋಡುವ ಅಳತೆ ಅದು. ನಮ್ಮ ಯಂತ್ರದ ಟ್ಯೂಬ್ ತಾಮ್ರದ್ದು. ತಾಮ್ರದ ಎಕ್ಸ್‌ರೇ ಬಿದ್ದರೆ ಕಬ್ಬಿಣ ತಾನೂ ಎಕ್ಸ್‌ರೇ ಹೊಮ್ಮಿಸುತ್ತದೆ. ಅದರಿಂದ ಚಾರ್ಟ್‌ನ ತಳವೇ ಮೇಲೇಳುತ್ತದೆ, ಸಣ್ಣ ಉಬ್ಬುಗಳು ಅದರಲ್ಲಿ ಮುಳುಗಿ ಹೋಗುತ್ತವೆ. ಬೇಗ ಬೇಗ ತೆಗೆದ ಚಾರ್ಟ್‌ನಲ್ಲಿ ಏನೂ ಕಂಡಿರಲಿಲ್ಲ. ಈ ಸಲ 32ರಿಂದ 37 ಡಿಗ್ರಿ ಕೋನದವರೆಗಿನ ಭಾಗವನ್ನು ಮಾತ್ರ ರಾತ್ರಿಯಿಡೀ ನಿಧಾನವಾಗಿ ಓಡಿಸಿದೆ. ಬೆಳಿಗ್ಗೆ ನೋಡಿದರೆ 33.2 ಡಿಗ್ರಿಯಲ್ಲಿ ಒಂದು ಪುಟ್ಟ ಉಬ್ಬು. ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಫೆರೈಟ್ ಒಳಗೆ ಜಾಗ ಸಿಗದ ಕಬ್ಬಿಣ ಹೊರಗೆ ಉಳಿದಿದೆ. ಜೊತೆಗೆ ಕೂರಬೇಕಾದ ಝಿಂಕ್ ಇಲ್ಲದೇ ಹೋದರೆ ಹೀಗಾಗುತ್ತದೆ. 0.4ರಲ್ಲಿ ಉಬ್ಬು ಇದೆಯೋ ಇಲ್ಲವೋ ಅನ್ನುವಷ್ಟು. 0.6ರಲ್ಲಿ ಸ್ಪಷ್ಟ.

ಝಿಂಕ್ ಆವಿಯಾಗಿಲ್ಲ. ಹಾಗಾದರೆ ನಾನು ಹಾಕಿದ್ದೇ ಕಮ್ಮಿ. ಆದರೆ ನೋಟ್‌ಬುಕ್‌ನಲ್ಲಿ 3.13 ಗ್ರಾಂ ಎಂದು ನನ್ನದೇ ಅಕ್ಷರದಲ್ಲಿದೆ.

ಇದನ್ನು ಬಿಡಿಸಿದವರು ನಮ್ಮ ಅಟೆಂಡರ್. ನಾನು ಬ್ಯಾಲೆನ್ಸ್ ಮುಂದೆ ಸುಮ್ಮನೆ ಕೂತಿದ್ದೆ. ಅವರು ನೆಲ ಒರೆಸುತ್ತಾ, "ಝಿಂಕಿನ ಬಾಟ್ಲಿ ನೀರು ಬಿಟ್ಟಿದೆ ಮೇಡಂ, ಹೊಸತು ತರಿಸುವುದಲ್ವಾ? ಮಳೆಗಾಲದಲ್ಲಿ ಅದು ಯಾವಾಗಲೂ ಹಾಗೇ ಆಗ್ತದೆ" ಎಂದರು. ಎದ್ದು ಹೋಗಿ ಬಾಟಲಿ ತೆಗೆದು ನೋಡಿದೆ. 500 ಗ್ರಾಂನ ಹಳೆಯ ಬಾಟಲಿ, ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗೆ ಬಿಳಿ ಹರಳುಗಳು ತಳದಲ್ಲಿ ಮುದ್ದೆಯಾಗಿ, ಮೇಲೆ ಸಕ್ಕರೆ ಪಾಕದಂಥ ನೀರು. ಜೂನ್‌ನಲ್ಲಿ ಹರಳು ಸ್ವಲ್ಪ ಒದ್ದೆ ಇದ್ದದ್ದು ನನಗೂ ನೆನಪಿದೆ. ಪ್ಲಾಸ್ಟಿಕ್ ಚಮಚದ ಹಿಂಬದಿಯಿಂದ ಒತ್ತಿ, ಒಣಗಿದಂತೆ ಕಂಡದ್ದನ್ನು ತೂಗಿದ್ದೆ.

ಝಿಂಕ್ ನೈಟ್ರೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪು. 36 ಡಿಗ್ರಿಯಲ್ಲಿ ತನ್ನೊಳಗಿನ ನೀರಿನಲ್ಲೇ ಕರಗುತ್ತದೆ ಕೂಡ. ನಮ್ಮ ಕರಾವಳಿಯ ಆಟಿ ತಿಂಗಳು (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕರಿದ ಹಲಸಿನ ಹಪ್ಪಳವನ್ನು ಡಬ್ಬದಿಂದ ಹೊರಗಿಟ್ಟರೆ ಊಟ ಮುಗಿಯುವುದರೊಳಗೆ ಮೆತ್ತಗೆ. ಅಮ್ಮ ಉಪ್ಪಿನ ಭರಣಿಗೆ ಅಕ್ಕಿ ಕಾಳು ಹಾಕಿಡುತ್ತಾರೆ. ಅದನ್ನು ಹುಟ್ಟಿದಂದಿನಿಂದ ನೋಡಿದವಳು ನಾನು. ಆದರೆ ಲ್ಯಾಬ್ ಬಾಟಲಿಯ ಮೇಲೆ ಶುದ್ಧತೆ 98 ಶೇಕಡಾ ಎಂದು ಅಚ್ಚಾಗಿದ್ದರೆ ಅದನ್ನು ನಂಬಿಬಿಡುತ್ತೇವೆ. ಆ ಅಂಕಿ ಬಾಟಲಿ ತುಂಬಿದ ದಿನದ್ದು.

ಎಷ್ಟು ತಪ್ಪಿದೆ ಎಂದು ನೋಡಲು ಕೆಮಿಸ್ಟ್ರಿ ವಿಭಾಗಕ್ಕೆ ಹೋದೆ. ಬಿಎಸ್ಸಿಯಲ್ಲಿ ಮಾಡಿಸುವ ಇಡಿಟಿಎ ಟೈಟ್ರೇಷನ್ ಸಾಕು. ಝಿಂಕ್ ಅನ್ನು ಹಿಡಿದುಕೊಳ್ಳುವ ಇಡಿಟಿಎ ಎಷ್ಟು ಖರ್ಚಾಯಿತು ಎಂದು ನೋಡಿ ಝಿಂಕ್ ಎಷ್ಟಿದೆ ಎಂದು ತಿಳಿಯುವುದು. ಹಿಂಡಿ ಒಣಗಿಸಿದಂತೆ ಕಾಣುವ ಹರಳನ್ನು 1.49 ಗ್ರಾಂ ತೂಗಿ 100 ಮಿಲಿಲೀಟರ್ ದ್ರಾವಣ ಮಾಡಿದೆ. ಉಪ್ಪು ಸರಿ ಇದ್ದರೆ ಇದು 0.05 ಮೋಲಾರ್. ಅದರಲ್ಲಿ 10 ಮಿಲಿಲೀಟರ್ ತೆಗೆದು, ಪಿಎಚ್ 10ರ ಬಫರ್ ಹಾಕಿ, ಬಣ್ಣ ಬದಲಿಸಿ ಸೂಚನೆ ಕೊಡುವ ಎರಿಯೋಕ್ರೋಮ್ ಬ್ಲ್ಯಾಕ್ ಹಾಕಿದಾಗ ದ್ರಾಕ್ಷಾರಸದ ಕೆಂಪು. ಬ್ಯುರೆಟ್‌ನಿಂದ ಅಷ್ಟೇ ಗಾಢತೆಯ ಇಡಿಟಿಎ ಬಿಡುತ್ತಾ ಹೋಗಬೇಕು. ಶುದ್ಧ ಝಿಂಕ್ ಲೋಹವನ್ನು ಆಸಿಡ್‌ನಲ್ಲಿ ಕರಗಿಸಿ ಆ ಇಡಿಟಿಎಯನ್ನು ಮೊದಲೇ ಪರೀಕ್ಷೆ ಮಾಡಿಟ್ಟಿದ್ದೆ. ಸರಿಯಾಗಿ 10 ಮಿಲಿಲೀಟರ್‌ಗೆ ನೀಲಿ ಬರಬೇಕು. 8.2ಕ್ಕೇ ನೀಲಿ ಆಯಿತು. ಮತ್ತೆ ಮಾಡಿದೆ, 8.2. ಮೂರನೇ ಸಲ, 8.2.

ನೂರಕ್ಕೆ 18 ಪಾಲು ಝಿಂಕ್ ಇಲ್ಲ. ಅದು ನೀರು. ಈ ಕೊರತೆಯನ್ನು 0.6ರ ಸ್ಯಾಂಪಲ್‌ಗೆ ಹಾಕಿ ಲೆಕ್ಕ ಮಾಡಿದರೆ ಝಿಂಕ್ 0.6ರ ಬದಲು 0.49, ನಿಕ್ಕಲ್ 0.4, ಎರಡೂ ಸೇರಿದ 0.89ರಲ್ಲಿ ನಿಜವಾದ ಝಿಂಕ್ ಪಾಲು 0.55. ಗೆರೆಯಲ್ಲಿ 0.05ಕ್ಕೆ ಎಷ್ಟು ಡಿಗ್ರಿ? ಮೂವತ್ತೊಂದು. ಕಾಗದದ ಮೇಲೆ ಆ ಅಂಕಿ ಬಂದಾಗ ಕೈ ನಡುಗಿತು. ಅದೇ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ 0.5 ಮಾಡಿದ ದಿನ ಉಪ್ಪಿನಲ್ಲಿ 14 ಶೇಕಡಾ ನೀರು ಇದ್ದಿರಬೇಕು. 3.13 ಗ್ರಾಂನಲ್ಲಿ 0.44 ಗ್ರಾಂ, ಸುಮಾರು ಒಂಬತ್ತು ಹನಿ. ಅಷ್ಟೇ ನೀರು ಗೆರೆಯನ್ನು 24 ಡಿಗ್ರಿ ಎತ್ತಿತ್ತು. ಪ್ರತಿ ಸ್ಯಾಂಪಲ್‌ಗೂ ಬಾಟಲಿ ತೆರೆದೆ, ಪ್ರತಿ ಸಲವೂ ಅದು ಇನ್ನಷ್ಟು ನೆನೆಯಿತು. ಗೆರೆ ಒಮ್ಮೆಲೇ ಜಿಗಿಯದೆ ಅಷ್ಟು ನಯವಾಗಿ ಬಾಗಿದ್ದು ಅದಕ್ಕೇ.

ಸರ್‌ಗೆ ಹೇಳಲು ಹೋದಾಗ ಮಳೆ ಜೋರಾಗಿತ್ತು, ಶೀಟಿನ ಸದ್ದಿಗೆ ಎರಡು ಸಲ ಹೇಳಬೇಕಾಯಿತು. ಬ್ಯುರೆಟ್‌ನ ಅಂಕಿ, ಚಾರ್ಟ್, ಲೆಕ್ಕ, ಮೂರನ್ನೂ ಮುಂದಿಟ್ಟೆ. ಅವರು ನಿಧಾನವಾಗಿ ನೋಡಿದರು. "ಅಬ್‌ಸ್ಟ್ರಾಕ್ಟ್ ವಾಪಸ್ ತೆಗೆದುಕೊಳ್ಳುವ ಇಮೇಲ್ ಇವತ್ತೇ ಬರೆಯಿರಿ. ಕಾರಣವನ್ನೂ ಬರೆಯಿರಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಕ್ಕಲ್ ಮತ್ತು ಕಬ್ಬಿಣದ ಬಾಟಲಿಗಳನ್ನೂ ಟೈಟ್ರೇಟ್ ಮಾಡಿ" ಎಂದರು. ಇಮೇಲ್ ಬರೆದೆ. ಆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ ಕೂಡ. ಒಂದು ವರ್ಷದ ಕೆಲಸದ ಅರ್ಧ ಅದು. ಆದರೆ ಬಾಗಿದ ಗೆರೆ ಅಚ್ಚಾಗಿ ಹೋಗಿ, ಯಾರೋ ಬಳ್ಳಾರಿಯಲ್ಲೋ ಬೀದರ್‌ನಲ್ಲೋ ಒಣ ಹವೆಯಲ್ಲಿ ಮಾಡಿ ನೋಡಿ, ಬಾಗದೆ ಹೋಗಿ, ತಿಂಗಳುಗಟ್ಟಲೆ ಒದ್ದಾಡುವುದನ್ನು ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಫೆರಿಕ್ ನೈಟ್ರೇಟ್ ಬಾಟಲಿ ಜೂನ್‌ನಲ್ಲಿ ಹೊಸದಾಗಿ ಒಡೆದದ್ದು, ತೇವ ತಾಗದಂತೆ ಮುಚ್ಚಿಡುವ ಡೆಸಿಕೇಟರ್‌ನಲ್ಲಿ ಇತ್ತು. ಅದು ಹೆಚ್ಚುಕಡಿಮೆ ಸರಿ ಇತ್ತು. ಆದರೂ ಅದನ್ನು ಪುಡಿಯಾಗಿ ತೂಗುವುದನ್ನು ಬಿಟ್ಟೆವು. ಈಗ ಕಬ್ಬಿಣ ಮತ್ತು ನಿಕ್ಕಲ್‌ನ ದ್ರಾವಣ ಮಾಡಿ ಇಟ್ಟುಕೊಂಡು, ಅದರಲ್ಲಿ ಲೋಹ ಎಷ್ಟಿದೆ ಎಂದು ಅಳೆದು, ಬೇಕಾದಷ್ಟು ಮಿಲಿಲೀಟರ್ ತೆಗೆಯುತ್ತೇವೆ. ಕಬ್ಬಿಣಕ್ಕೆ ಸುಲಭದ ದಾರಿ ಇದೆ. ಅರ್ಧ ಮೋಲಾರ್ ದ್ರಾವಣದ 10 ಮಿಲಿಲೀಟರ್ ಅನ್ನು ಕ್ರೂಸಿಬಲ್‌ನಲ್ಲಿ ಆರಿಸಿ 850 ಡಿಗ್ರಿಯಲ್ಲಿ ಸುಟ್ಟರೆ ಕೆಂಪು ಆಕ್ಸೈಡ್ 0.399 ಗ್ರಾಂ ಉಳಿಯಬೇಕು. ಎಷ್ಟು ಉಳಿಯಿತು ಎಂದು ನೋಡಿದರೆ ಉತ್ತರ ಸಿಕ್ಕಿತು. ಝಿಂಕ್‌ಗೆ ನೈಟ್ರೇಟ್ ಬಾಟಲಿಯೇ ಬೇಡ. ಝಿಂಕ್ ಆಕ್ಸೈಡ್ ಅನ್ನು 500 ಡಿಗ್ರಿಯಲ್ಲಿ ಒಣಗಿಸಿ, ಆರಿದ ಮೇಲೆ 0.856 ಗ್ರಾಂ ತೂಗಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದರೆ 5 ಗ್ರಾಂ ಫೆರೈಟ್‌ಗೆ ಬೇಕಾದ ಝಿಂಕ್ ಬಂತು. ಅರ್ಧ ಗಂಟೆಯ ಹೆಚ್ಚು ಕೆಲಸ. ಆಸಿಡ್ ಉಳಿದರೆ ಉರಿಯ ರೀತಿ ಬದಲಾಗುತ್ತದೆ, ಹಾಗಾಗಿ ಜಾಸ್ತಿ ಹಾಕಬಾರದು.

ನೋಟ್‌ಬುಕ್‌ನಲ್ಲಿ ಹೊಸ ಕಾಲಂ ಹಾಕಿದೆ. ತೂಗಿದ ದಿನದ ತೇವ ಎಷ್ಟು, ಬಾಟಲಿ ಎಂದು ಒಡೆದದ್ದು, ಕೊನೆಯ ಟೈಟ್ರೇಷನ್ ಎಂದು. ತೇವ ನೋಡುವ ಸಣ್ಣ ಮೀಟರ್ ಒಂದನ್ನು ಬ್ಯಾಲೆನ್ಸ್ ಪಕ್ಕ ಇಟ್ಟಿದ್ದೇವೆ. ಡೆಸಿಕೇಟರ್‌ನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ದಿನವೇ ಓವನ್‌ಗೆ. ಮಳೆಗಾಲದಲ್ಲಿ ಅದು ವಾರಕ್ಕೆ ಎರಡು ಸಲ ಆಗುತ್ತದೆ. ಈ ಕೆಲಸವನ್ನು ನಮ್ಮ ಅಟೆಂಡರ್ ನಮಗಿಂತ ಚೆನ್ನಾಗಿ ನೋಡಿಕೊಂಡರು. ಥೀಸಿಸ್‌ನ ಮೊದಲ ಪುಟಗಳಲ್ಲಿ ಅವರ ಹೆಸರು ಬರೆದಿದ್ದೇನೆ.

0.4, 0.5, 0.6 ಮೂರನ್ನೂ ಹೊಸದಾಗಿ ಮಾಡಿದ್ದು ಬೇಕೆಂದೇ ಮುಂದಿನ ಜೂನ್‌ನಲ್ಲಿ. ಬೇಸಿಗೆಯಲ್ಲಿ ಮಾಡಿದರೆ ಸರಿ ಬರುತ್ತದೆ ಎಂದು ಗೊತ್ತಿತ್ತು. ಮಳೆಯಲ್ಲೂ ಬರಬೇಕು ಎಂಬುದು ನನ್ನ ಹಟ. 0.5ರ ಪೆಲೆಟ್ ಹಾಕಿದ ಸಂಜೆ ಜೂನಿಯರ್ ಹುಡುಗಿಯೂ ಜೊತೆಗಿದ್ದಳು. ಹೊರಗೆ ಸುರಿಯುತ್ತಿತ್ತು. 260 ದಾಟಿತು, 265, 270. ಇಬ್ಬರೂ ಮಾತು ನಿಲ್ಲಿಸಿದೆವು. 272ರಲ್ಲಿ ಟಕ್. "ಅಕ್ಕಾ, ಬಿತ್ತು!" ಎಂದು ಅವಳು ಕೂಗಿದಳು. 0.4 ಮತ್ತು 0.6 ಕೂಡ ಗೆರೆಗೆ ಬಂದು ಕೂತವು. ಗ್ರಾಫ್ ಈಗ ನೇರ. ನೋಡಲು ವಿಶೇಷ ಏನಿಲ್ಲ. ನನಗೆ ಮಾತ್ರ ಅದು ತುಂಬಾ ಚಂದ ಕಾಣುತ್ತದೆ.

ಈಗ ಉಡುಪಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಹಳೆಯ ಗುಂಪಿನ ಜೊತೆ ಕೆಲಸ ಬಿಟ್ಟಿಲ್ಲ, ರಜೆಯಲ್ಲಿ ಹೋಗುತ್ತೇನೆ. ಒಂದು ಪ್ರಶ್ನೆ ಉಳಿದಿದೆ. 0.6ರಲ್ಲಿ ಕಾಂತಶಕ್ತಿ ಇಳಿದಿದೆ. ಅದರಲ್ಲಿ ಓರೆಯಾಗಿ ನಿಂತವರ ಪಾಲು ಎಷ್ಟು, ಕ್ಯೂರಿ ಉಷ್ಣತೆ ಕೋಣೆಯ ಬಿಸಿಗೆ ಹತ್ತಿರ ಬಂದದ್ದರ ಪಾಲು ಎಷ್ಟು ಎಂದು ಬೇರೆ ಮಾಡಬೇಕು. ಅದಕ್ಕೆ ಸ್ಯಾಂಪಲ್ ಅನ್ನು ದ್ರವ ಹೀಲಿಯಂನಷ್ಟು ತಣ್ಣಗೆ ಮಾಡಿ ಅಳೆಯುವ ಯಂತ್ರ ಬೇಕು. ಬೇರೆ ಕಡೆ ಸ್ಲಾಟ್ ಕೇಳಿದ್ದೇವೆ. 25 ಮಿಲಿಗ್ರಾಂ ಪುಡಿ ತೂಗಿ, ಕ್ಯಾಪ್ಸೂಲ್‌ಗೆ ಹಾಕಿ, ಡೆಸಿಕೇಟರ್‌ನಲ್ಲಿ ಇಟ್ಟಾಗಿದೆ. ದಿನಾಂಕ ಬಂದ ಕೂಡಲೇ ಜೂನಿಯರ್ ಅದನ್ನು ತೆಗೆದುಕೊಂಡು ರಾತ್ರಿ ಬಸ್ ಹತ್ತುತ್ತಾಳೆ.